ತಲಘಟ್ಟಪುರದ ಮಂಜಿನ ದಾರಿ

ಧನುರ್ಮಾಸದ ನಸುಕು. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ಮಂಜಿನ್ನೂ ಕರಗಿರುವುದಿಲ್ಲ. 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಓಡಲಾರಂಭಿಸಿದ ಮೆಟ್ರೊದ ಕಂಬಗಳು ಒಂದೊಂದಾಗಿ ಮೂಡಿ ಬರುತ್ತವೆ. ಅವುಗಳ ಮರೆಯಿಂದ ರಸ್ತೆ ದಾಟುವವರೂ ಹಠಾತ್ತನೆ ಎದುರಾಗುತ್ತಾರೆ.

ಇಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಇಬ್ಬನಿಯೋ ತುಂತುರೋ ರಸ್ತೆಯ ದೂಳು, ಎಣ್ಣೆಪಸೆಯೊಡನೆ ಬೆರೆತರೆ ಡಾಂಬರು ಜಾರತೊಡಗುತ್ತದೆ. ಜೋರು ಮಳೆ ಕೊಳೆಯನ್ನು ತೊಳೆದೊಯ್ಯುತ್ತದೆ. ತುಂತುರು ಅದನ್ನೇ ಲೇಪಿಸಿಬಿಡುತ್ತದೆ.

ಕಾರಿನ ಒಂದೊಂದು ಟೈರೂ ನೆಲವನ್ನು ಹಿಡಿದಿರುವುದು ಸುಮಾರು ಅಂಗೈಯಗಲದಲ್ಲಿ ಮಾತ್ರ. ಅಲ್ಲಿಂದ ನೀರನ್ನು ಆಚೆ ತಳ್ಳುವುದು ಟೈರಿನ ಗೀರುಗಳು. ಅವುಗಳ ಆಳ 1.6 ಮಿ.ಮೀ.ಗೆ ಇಳಿದರೆ ಟೈರು ಬದಲಿಸಲೇಬೇಕು. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಕುಸಿದರೆ ಗಾಳಿಯ ಒತ್ತಡವೂ ಸುಮಾರು 2 ಪಿಎಸ್‌ಐ ತಗ್ಗುತ್ತದೆ. ಆದ್ದರಿಂದ ಗಾಳಿ ನೋಡಬೇಕಾದ್ದು ಟೈರು ತಣ್ಣಗಿರುವಾಗ.

ಉಳಿದದ್ದು ಕಾಲಿನ ಹದ. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ತಿರುವಿನ ನಡುವೆ ಬ್ರೇಕ್ ಅದುಮಬಾರದು. ಹಿಂಭಾಗ ಜಾರಿದರೆ ಜಾರಿದ ಕಡೆಗೇ ಸ್ಟೀರಿಂಗ್ ಮೆಲ್ಲಗೆ ತಿರುಗಿಸಬೇಕು. ಮಂಜಿನಲ್ಲಿ ದೀಪ ಡಿಮ್ ಇರಲಿ. ಹೈಬೀಮ್ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಮರಳುತ್ತದೆ. ಮುಂದಿನ ವಾಹನದಿಂದ ಎಂದಿಗಿಂತ ಇಮ್ಮಡಿ ದೂರವಿರಲಿ.

ಬಿಸಿಲೇರಿದರೆ ರಸ್ತೆ ತಾನಾಗಿ ಒಣಗುತ್ತದೆ. ಅಲ್ಲಿಯವರೆಗೆ ಕಾಯಲಾಗದವರಿಗೆ ನಿಧಾನವೊಂದೇ ದಾರಿ.