ಆನೆ ಚಿತ್ರದ ಕ್ಯಾಸೆಟ್ಟು

"ಇದೇನೋ, ಒಂದನೇ ಕ್ಲಾಸಿನ ಮಗು ಬರೆದ ಚಿತ್ರ ಇದ್ದ ಹಾಗಿದೆ. ಆನೆ ಬೇರೆ!"

ಮೂರು ತಿಂಗಳ ಮೌನದ ನಂತರ ಅಪ್ಪ ನನ್ನೊಡನೆ ಆಡಿದ ಮೊದಲ ಮಾತು ಇದು. 1986ರ ದಸರಾ ರಜೆ. ನಾನಾಗ ಮೈಸೂರಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ಅಪ್ಪ ಅರಕಲಗೂಡಿನ ಕಡೆ ಒಂದು ಅಂಚೆ ಕಚೇರಿಯಲ್ಲಿ ಗುಮಾಸ್ತರು. ಮೌನಕ್ಕೆ ಕಾರಣ ನಾನೇ. ಪರೀಕ್ಷಾ ಶುಲ್ಕಕ್ಕೆಂದು ಅವರು ಕಳಿಸಿದ ಮನಿಯಾರ್ಡರಿನ ಹಣವನ್ನು ಸೀನಿಯರ್ ಒಬ್ಬನ ಹಳೆಯ ಗಿಟಾರಿಗೆ ಮುಂಗಡ ಕೊಟ್ಟುಬಿಟ್ಟಿದ್ದೆ. ಗಿಟಾರೂ ಬರಲಿಲ್ಲ, ಮುಂಗಡವೂ ಬರಲಿಲ್ಲ. ಶುಲ್ಕ ಕಟ್ಟಿಲ್ಲವೆಂಬ ಕಾಗದ ಮಾತ್ರ ಕಾಲೇಜಿನಿಂದ ನೇರವಾಗಿ ಅಪ್ಪನ ಮೇಜಿಗೇ ಬಂತು. ಅಂಚೆಯಣ್ಣ ಹಂಚುವ ಮೊದಲೇ ಅವರು ಓದಿದ್ದರು!

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಂಡ ಸೇರಿಸಿ ಇನ್ನೊಮ್ಮೆ ಹಣ ಕಳಿಸಿದರು. ಮನಿಯಾರ್ಡರ್ ಫಾರಂನ ಕೆಳಗೆ ಎರಡು ಸಾಲು ಬರೆಯಲು ಜಾಗವಿರುತ್ತಿತ್ತಲ್ಲ, ಅಲ್ಲಿ ಅಪ್ಪ ಯಾವಾಗಲೂ "ಕ್ಷೇಮ. ಎಣ್ಣೆಸ್ನಾನ ತಪ್ಪಿಸಬೇಡ" ಎಂದೋ "ಹಸು ಕರು ಹಾಕಿದೆ" ಎಂದೋ ಬರೆಯುತ್ತಿದ್ದರು. ಆ ಸಲ ಅದು ಖಾಲಿ ಇತ್ತು. ಮುಂದಿನ ತಿಂಗಳೂ ಖಾಲಿ. ಆ ಖಾಲಿ ಜಾಗವನ್ನು ನೋಡುವಾಗ ಆಗುತ್ತಿದ್ದ ಸಂಕಟ ಯಾವ ಬೈಗುಳದಿಂದಲೂ ಆಗುತ್ತಿರಲಿಲ್ಲ.

ಇರಲಿ, ಆ ಆನೆಯ ಚಿತ್ರದ ವಿಷಯಕ್ಕೆ ಬರುತ್ತೇನೆ. ಅದು ಒಂದು ಎಲ್ಪಿ ರೆಕಾರ್ಡಿನ ಹೊದಿಕೆ. ಹಾಸ್ಟೆಲಿನ ಗೆಳೆಯನೊಬ್ಬನ ಸೋದರಮಾವ ಅಮೆರಿಕದಿಂದ ತಂದದ್ದು. 'ದಿ ಬ್ಯಾಂಡ್' ಎಂಬ ತಂಡದ ಮೊಟ್ಟಮೊದಲ ಧ್ವನಿಮುದ್ರಿಕೆ, 'ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್', 1968ರ ಜುಲೈ 1ರಂದು ಬಿಡುಗಡೆಯಾದದ್ದು. ಮುಖಪುಟದಲ್ಲಿ ತಂಡದ ಹೆಸರೂ ಇಲ್ಲ, ಹಾಡಿನ ಹೆಸರೂ ಇಲ್ಲ; ಬಾಬ್ ಡಿಲನ್ ಕೈಯಾರೆ ಬರೆದ ಒಂದು ವರ್ಣಚಿತ್ರ. ಒಂದಿಷ್ಟು ವಾದ್ಯಗಾರರು, ಪಕ್ಕದಲ್ಲಿ ಇಣುಕುವ ಒಂದು ಆನೆ. ಗೆಳೆಯ ಎಲ್ಪಿಯನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದಿದ್ದ. ತೋರಿಸಲೆಂದು ಹೊದಿಕೆಯನ್ನೂ ತಂದಿದ್ದ.

ನಮ್ಮ ಕೊಠಡಿಯಲ್ಲಿ ನಡೆದ ಮೊದಲ 'ವಿಮರ್ಶಾಗೋಷ್ಠಿ'ಯನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ನಮಗಾಗ ರಾಕ್ ಎಂದರೆ ಡೀಪ್ ಪರ್ಪಲ್, ಲೆಡ್ ಝೆಪೆಲಿನ್. ಗಿಟಾರು ಕಿರುಚಬೇಕು, ಡ್ರಮ್ಮು ಗುಡುಗಬೇಕು, ವಾರ್ಡನ್ ಓಡಿ ಬರಬೇಕು. ಇದೋ, ಮೊದಲ ಹಾಡೇ ಶವಯಾತ್ರೆಯ ನಡಿಗೆಯಲ್ಲಿ ಹೊರಟಿತು. "ಮುದುಕರ ಹಾಡು ಮಾರಾಯ" ಎಂದು ಒಬ್ಬ ಎದ್ದೇ ಹೋದ. ಇನ್ನೊಬ್ಬ ಪೆನ್ಸಿಲ್ ತೂರಿಸಿ ಕ್ಯಾಸೆಟ್ ಮುಂದೆ ಸುತ್ತಿ 'ಬಿ' ಬದಿಯಲ್ಲಿ 'ಚೆಸ್ಟ್ ಫೀವರ್' ಹಾಡಿನ ಆರಂಭದ ಆರ್ಗನ್ ಹುಡುಕಿಕೊಂಡ. ಅಷ್ಟನ್ನೇ ಹದಿನೈದು ಸಲ ಕೇಳಿದ. ಅದು ಬಾಖ್‌ನ ಒಂದು ಪ್ರಸಿದ್ಧ ಕೃತಿಯಿಂದ ಎತ್ತಿಕೊಂಡ ಆರಂಭವೆಂದು ಗೊತ್ತಾದಾಗ, "ಅಂದರೆ ಇವರು ಕಳ್ಳರೂ ಹೌದು" ಎಂದ. ನನ್ನ ಅಭಿಪ್ರಾಯ? ನಾನೂ ಮೂಗು ಮುರಿದೆ. ಇಡೀ ರೆಕಾರ್ಡಿನಲ್ಲಿ ಗಿಟಾರಿನವನು ಒಮ್ಮೆಯೂ ಮುಂದೆ ಬಂದು ಕೈಚಳಕ ತೋರಿಸುವುದಿಲ್ಲವಲ್ಲ, ಅದೇ ನನ್ನ ದೊಡ್ಡ ತಕರಾರು. ಪರೀಕ್ಷಾ ಶುಲ್ಕ ಕಳೆದುಕೊಂಡವನಿಗೆ ಅಷ್ಟಾದರೂ ಕೇಳುವ ಹಕ್ಕು ಬೇಡವೇ?

ಈ ತಂಡದವರಿಗೆ ಮೂಗು ಮುರಿಸಿಕೊಳ್ಳುವುದು ಹೊಸದಾಗಿರಲಿಲ್ಲ. ಅವರು ಐವರು. ರಾಬಿ ರಾಬರ್ಟ್‌ಸನ್, ರಿಕ್ ಡ್ಯಾಂಕೊ, ರಿಚರ್ಡ್ ಮ್ಯಾನುಯೆಲ್, ಗಾರ್ತ್ ಹಡ್ಸನ್ ಈ ನಾಲ್ವರು ಕೆನಡಾದ ಒಂಟಾರಿಯೊ ಪ್ರಾಂತದವರು. ಡ್ರಮ್ ಬಾರಿಸುವ ಲೆವನ್ ಹೆಲ್ಮ್ ಒಬ್ಬನೇ ಅಮೆರಿಕದ ಆರ್ಕನ್ಸಾ ಸೀಮೆಯ ಹತ್ತಿ ಬೆಳೆಯುವ ಮನೆತನದವನು. ರಾನಿ ಹಾಕಿನ್ಸ್ ಎಂಬ ಗಾಯಕನ ಹಿಂದೆ ವರ್ಷಗಟ್ಟಲೆ ಊರೂರು ಸುತ್ತಿ ನುಡಿಸಿ ಪಳಗಿದವರು. 1965ರಲ್ಲಿ ಡಿಲನ್ ತನ್ನ ಜಾನಪದ ಶೈಲಿ ಬಿಟ್ಟು ವಿದ್ಯುತ್ ಗಿಟಾರ್ ಹಿಡಿದಾಗ ಅವನ ಹಿಂದೆ ನುಡಿಸಲು ಹೋದರು. ಜನ ದುಡ್ಡು ಕೊಟ್ಟು ಟಿಕೆಟ್ ಕೊಂಡು ಬಂದು ಕೂಗಿ ಅವಮಾನಿಸಿದರು, ಒಂದೂರಲ್ಲ, ಊರೂರಿನಲ್ಲಿ! 1966ರ ಮೇ 17ರಂದು ಮ್ಯಾಂಚೆಸ್ಟರಿನಲ್ಲಿ ಸಭಿಕನೊಬ್ಬ ಡಿಲನ್‌ನನ್ನು, ಕ್ರಿಸ್ತನಿಗೆ ದ್ರೋಹ ಬಗೆದ ಜೂದಾಸನಿಗೆ ಹೋಲಿಸಿ ಕೂಗಿದ್ದು ಪ್ರಸಿದ್ಧವೇ ಆಗಿದೆ. ಹೆಲ್ಮ್ ಅಷ್ಟು ಹೊತ್ತಿಗೆ ಆ ಸಭೆಗಳ ಸಹವಾಸವೇ ಬೇಡವೆಂದು ತಂಡ ಬಿಟ್ಟು ಹೋಗಿದ್ದ. ಮೆಕ್ಸಿಕೊ ಕೊಲ್ಲಿಯ ಎಣ್ಣೆಬಾವಿಯೊಂದರಲ್ಲಿ ಕೂಲಿ ಮಾಡಿದ. ಸಮುದ್ರದ ನಡುವೆ ಕಬ್ಬಿಣ ಎತ್ತುವುದು ಆ ಕೂಗಾಟಕ್ಕಿಂತ ವಾಸಿ ಎನ್ನಿಸಿರಬೇಕು.

1967ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಊರಿನ ಹತ್ತಿರ, ಕಾಡಿನಂಚಿನಲ್ಲಿ ಗುಲಾಬಿ ಬಣ್ಣದ ಒಂದು ಮನೆ ಹಿಡಿದರು. 'ಬಿಗ್ ಪಿಂಕ್' ಎಂದರೆ ಆ ಮನೆಯೇ. ಅದರ ನೆಲಮಾಳಿಗೆಯಲ್ಲಿ ದಿನವೂ ಕಲೆತು ಹಳೆಯ ಜನಪದ ಹಾಡು, ಚರ್ಚಿನ ಭಜನೆ, ಕರಿಯ ಜನರ ಬ್ಲೂಸ್, ಹಳ್ಳಿಗಾಡಿನ ಕಥನಗೀತೆ ಎಲ್ಲವನ್ನೂ ನುಡಿಸುತ್ತ ಕಳೆದರು. ಮುಂದೆ 'ರೂಟ್ಸ್ ರಾಕ್' ಎಂಬ ಹೆಸರು ಬಿದ್ದದ್ದು ಇಂಥ ಸಂಗೀತಕ್ಕೆ. ರಾಕ್‌ನ ಬೇರು ಎಲ್ಲಿದೆಯೋ ಅಲ್ಲಿಗೆ ಹೋಗಿ ನೀರು ಕುಡಿದು ಬಂದ ಹಾಡುಗಳು. ಹೆಲ್ಮ್ ಕೂಡ ಅಲ್ಲಿಗೇ ಮರಳಿ ಬಂದ.

ಹೊದಿಕೆಯ ಒಳಗಡೆ ಒಂದು ಫೋಟೋ ಇದೆ. ನನ್ನ ಕಥೆ ನಿಂತಿರುವುದೇ ಅದರ ಮೇಲೆ. 1968 ಎಂದರೆ ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದ ವರ್ಷ, ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ ವರ್ಷ. ಮೂವತ್ತು ದಾಟಿದವರನ್ನು ನಂಬಬೇಡಿ ಎಂಬುದು ಅಮೆರಿಕದ ಹುಡುಗರ ಘೋಷಣೆಯಾಗಿತ್ತು. ಅಂಥ ಹೊತ್ತಿನಲ್ಲಿ ಈ ಐವರು ಒಂಟಾರಿಯೊದ ಸಿಮ್ಕೋ ಬಳಿಯ ಡ್ಯಾಂಕೊನ ಅಣ್ಣತಮ್ಮಂದಿರ ತೋಟಕ್ಕೆ ಹೋಗಿ, ತಮ್ಮ ಅಪ್ಪ, ಅಮ್ಮ, ಅಜ್ಜಿ, ತಾತ, ಮಕ್ಕಳುಮರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಮ್ಮಲ್ಲಿ ಮದುವೆ ಮನೆಯಲ್ಲಿ ತೆಗೆಸುವಂಥ ಗ್ರೂಪ್ ಫೋಟೋ ತೆಗೆಸಿದರು. 'ನೆಕ್ಸ್ಟ್ ಆಫ್ ಕಿನ್' ಎಂದು ಅದಕ್ಕೆ ಹೆಸರು. ಹತ್ತಿರದ ಬಂಧುಗಳು ಎಂದರ್ಥ. ಹೆಲ್ಮ್‌ನ ತಂದೆತಾಯಿಗೆ ಅಷ್ಟು ದೂರ ಬರಲಾಗಲಿಲ್ಲ. ಅವರದೊಂದು ಬೇರೆ ಚಿತ್ರ ತೆಗೆಸಿ ಮೂಲೆಯಲ್ಲಿ ಅಂಟಿಸಿದರು.

ಗೆಳೆಯನನ್ನು ಕಾಡಿಬೇಡಿ ಕ್ಯಾಸೆಟ್ಟನ್ನೂ ಹೊದಿಕೆಯನ್ನೂ ರಜೆಗೆ ಊರಿಗೆ ಒಯ್ದೆ. ಹಾಡು ಇಷ್ಟವಾಗದಿದ್ದವನು ಯಾಕೆ ಒಯ್ದೆನೋ! ಫೋಟೋಗಾಗಿಯೇ ಇರಬೇಕು. ಅದನ್ನು ಬೇಕೆಂದೇ ಅಪ್ಪನ ಕಣ್ಣಿಗೆ ಬೀಳುವ ಹಾಗೆ ಜಗಲಿಯ ಮೇಲೆ ಬಿಟ್ಟೆ. ಮೊದಲು ಆನೆಯ ಬಗ್ಗೆ ಆ ಮಾತು ಬಂತು. ಅಪ್ಪ ಹೊದಿಕೆ ಬಿಚ್ಚಿದರು, ಕನ್ನಡಕ ಹಾಕಿಕೊಂಡರು. ಒಂದೊಂದೇ ಮುಖ ನೋಡಿದರು.

"ಹಾಡುವವರು ಯಾರು ಇದರಲ್ಲಿ?"

ತೋರಿಸಲು ಹೋದೆ, ನನಗೂ ಗೊತ್ತಾಗಲಿಲ್ಲ. ಆ ಹುಡುಗರು ತಾತಂದಿರ ಹಾಗೆಯೇ ಟೊಪ್ಪಿ, ಕೋಟು, ಗಡ್ಡ, ಮೀಸೆ ಬಿಟ್ಟುಕೊಂಡು ಬಂಧುಗಳ ನಡುವೆ ಬೆರೆತುಹೋಗಿದ್ದರು. ಅಪ್ಪನಿಗೆ ಅದೇ ಹಿಡಿಸಿತೆಂದು ಕಾಣುತ್ತದೆ. "ಹಾಕು, ಕೇಳೋಣ" ಎಂದರು.

ಅಪ್ಪ ರಾಮನವಮಿ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತಿದ್ದವರು, ರೇಡಿಯೋದಲ್ಲಿ ಕಚೇರಿ ಬಿಡದೆ ಕೇಳುತ್ತಿದ್ದವರು. ಮೊದಲ ಹಾಡು 'ಟಿಯರ್ಸ್ ಆಫ್ ರೇಜ್' ಶುರುವಾದ ಅರ್ಧ ನಿಮಿಷಕ್ಕೇ ತೀರ್ಪು ಕೊಟ್ಟರು: "ತಪ್ಪು. ಕಚೇರಿ ವರ್ಣದಿಂದ ಶುರುವಾಗಬೇಕು, ಚುರುಕಾಗಿರಬೇಕು. ಮೊದಲೇ ಇಷ್ಟು ವಿಳಂಬ ಹಿಡಿದರೆ ಜನ ಎದ್ದು ಹೋಗ್ತಾರೆ." ನಮ್ಮ ಹಾಸ್ಟೆಲಿನಲ್ಲಿ ಆದದ್ದೂ ಅದೇ ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ, "ಇವನು ಯಾಕೋ ಇಷ್ಟು ಅಳ್ತಿದ್ದಾನೆ?" ಎಂದು ಕೇಳಿದರು.

ಗೆಳೆಯ ಹೇಳಿದ್ದ ಅರ್ಥ ನನಗೆ ಗೊತ್ತಿತ್ತು. ಹೇಳಲು ನಾಲಿಗೆ ಹೊರಳಲಿಲ್ಲ. "ಒಬ್ಬ ಅಪ್ಪನ ಹಾಡು. ಕೈಹಿಡಿದು ಬೆಳೆಸಿದ ಮಗಳು ಬೆನ್ನು ತಿರುಗಿಸಿ ಹೋದಳು ಅಂತ" ಎಂದೆ, ಟೇಪ್‌ರೆಕಾರ್ಡರನ್ನು ನೋಡುತ್ತ.

ಅಪ್ಪ ಹಾಡು ಮುಗಿಯುವ ತನಕ ಏನೂ ಅನ್ನಲಿಲ್ಲ. ಆಮೇಲೆ, "ಹಾಡಿದವನಿಗೆ ವಯಸ್ಸೆಷ್ಟು?"

"ಇಪ್ಪತ್ತನಾಲ್ಕೋ ಇಪ್ಪತ್ತೈದೋ."

"ಅಷ್ಟೇನಾ? ಇವನಿಗೆ ಹೇಗೆ ಗೊತ್ತಾಯ್ತು?"

ಆ ಹಾಡಿನ ಸಾಹಿತ್ಯ ಡಿಲನ್‌ನದು. ಅವನಿಗೆ ಆಗಲೇ ಮಕ್ಕಳಿದ್ದರು. ರಾಗ ಕೂರಿಸಿ ಹಾಡಿದವನು ರಿಚರ್ಡ್ ಮ್ಯಾನುಯೆಲ್. ಮಗನ ವಯಸ್ಸಿನ ಹುಡುಗನೊಬ್ಬ ಅಪ್ಪನ ಕಡೆಯಿಂದ ನಿಂತು ಹಾಡಿದ್ದ. "ಈಗ ಎಲ್ಲಿದ್ದಾನೆ?" ಎಂದೂ ಅಪ್ಪ ಕೇಳಿದರು. "ಅಮೆರಿಕದಲ್ಲಿ ಹಾಡಿಕೊಂಡಿರಬೇಕು" ಎಂದೆ. ಮ್ಯಾನುಯೆಲ್ ಅದೇ ವರ್ಷದ ಮಾರ್ಚಿನಲ್ಲಿ ತೀರಿಕೊಂಡಿದ್ದ. ಅರಕಲಗೂಡಿಗೆ ಆ ಸುದ್ದಿ ಎಲ್ಲಿಂದ ಬರಬೇಕು?

ನಡುವಿನ ಮೂರು ಹಾಡುಗಳಿಗೆ ಅಪ್ಪ ತೂಕಡಿಸಿದರು, ಅದನ್ನು ಮುಚ್ಚಿಡಬಾರದು. 'ಎ' ಬದಿಯ ಕೊನೆಯ ಹಾಡು 'ದಿ ವೆಯ್ಟ್' ಬಂದಾಗ ಎದ್ದು ಕೂತರು. ಅಲ್ಲಿ ಪಲ್ಲವಿಯ ಕೊನೆಗೆ ದನಿಗಳು ಒಟ್ಟಿಗೆ ಎದ್ದೇಳುವುದಿಲ್ಲ. ಒಬ್ಬ ಎತ್ತಿದ ಮೇಲೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಮೆಟ್ಟಿಲು ಹತ್ತಿ ಬಂದ ಹಾಗೆ ಸೇರುತ್ತಾರೆ. "ಭಜನೆಗೆ ತಡವಾಗಿ ಬಂದವರು ಬಾಗಿಲಿಂದಲೇ ದನಿಗೂಡಿಸಿದ ಹಾಗಿದೆ" ಎಂದರು ಅಪ್ಪ. ಇದಕ್ಕಿಂತ ಚೆನ್ನಾಗಿ ಅದನ್ನು ವರ್ಣಿಸಿದ ವಿಮರ್ಶೆಯನ್ನು ನಾನು ಇಂದಿಗೂ ಓದಿಲ್ಲ. ಆ ಹಾಡಿನ ಕಥೆ ಅವರಿಗೆ ಇನ್ನೂ ರುಚಿಸಿತು. ದಣಿದ ಪ್ರಯಾಣಿಕನೊಬ್ಬ ಪರಊರಿಗೆ ಬರುತ್ತಾನೆ. ಯಾರದೋ ಪರವಾಗಿ ಕ್ಷೇಮಸಮಾಚಾರ ಮುಟ್ಟಿಸುವ ಕೆಲಸ ಅವನದು. ಸಿಕ್ಕಸಿಕ್ಕವರೆಲ್ಲ ಅವನ ಹೆಗಲಿಗೆ ಇನ್ನೊಂದು ಹೊರೆ ಏರಿಸುತ್ತಾರೆ. "ಹೇಗೂ ಹೋಗ್ತೀಯಲ್ಲ, ಅತ್ತೆ ಮನೆಗೂ ಹೋಗಿ ಉಪ್ಪಿನಕಾಯಿ ಕೊಟ್ಟು ಬಾ ಅಂತಾಳಲ್ಲ ನಿಮ್ಮಮ್ಮ, ಹಾಗೆ" ಎಂದು ನಕ್ಕರು. ಮೂರು ತಿಂಗಳಾಗಿತ್ತು ಆ ನಗೆ ಕೇಳಿ.

ಮುಂದೆ ಪುಸ್ತಕ, ಪತ್ರಿಕೆಗಳಲ್ಲಿ ದೊಡ್ಡವರ ಅಭಿಪ್ರಾಯಗಳನ್ನೂ ಓದಿದೆ. ಸ್ವತಃ ಡಿಲನ್ ಜೊತೆ ಆರ್ಗನ್ ನುಡಿಸಿದ್ದ ಅಲ್ ಕೂಪರ್ 1968ರಲ್ಲೇ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಮನಸಾರೆ ಹೊಗಳಿ ಬರೆದ. 'ಕ್ರೀಮ್' ತಂಡದಲ್ಲಿ ಹತ್ತು ಹದಿನೈದು ನಿಮಿಷ ಗಿಟಾರ್ ಕೈಚಳಕ ತೋರಿಸಿ ಲೋಕಪ್ರಸಿದ್ಧನಾಗಿದ್ದ ಎರಿಕ್ ಕ್ಲ್ಯಾಪ್ಟನ್‌ಗೆ ಇದನ್ನು ಕೇಳಿ ತನ್ನ ಕೈಚಳಕವೇ ಬೇಸರವಾಯಿತಂತೆ. ಆ ತಂಡ 1968ರ ಕೊನೆಗೆ ಮುರಿಯಲು ಬೇರೆ ಕಾರಣಗಳೂ ಇದ್ದವು; ಆದರೆ ತನಗೆ ಇದೂ ಒಂದು ಕಾರಣವೆಂದು ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ವುಡ್‌ಸ್ಟಾಕ್‌ಗೆ ಹೋಗಿ ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ ಎಂದು 1994ರಲ್ಲಿ ತುಂಬಿದ ಸಭೆಯಲ್ಲಿ ಒಪ್ಪಿಕೊಂಡ. ನಾನು ಯಾವುದನ್ನು ಕೊರತೆಯೆಂದು ಎಣಿಸಿದ್ದೆನೋ ಅದನ್ನೇ ಅವನು ಮೆಚ್ಚಿದ್ದ! ಸಾಮಾನ್ಯ ಕೇಳುಗರು ಮಾತ್ರ ಅವಸರಪಡಲಿಲ್ಲ. ರೆಕಾರ್ಡು ಅಮೆರಿಕದ ಪಟ್ಟಿಯಲ್ಲಿ 30ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. 'ದಿ ವೆಯ್ಟ್' 63ಕ್ಕೇ ನಿಂತಿತು. ತಂದೆಯೂ ಮಕ್ಕಳೂ ಕೂಡಿ ಹಾಡುತ್ತಿದ್ದ ಸ್ಟೇಪಲ್ ಸಿಂಗರ್ಸ್ ಕುಟುಂಬ ಅದೇ ವರ್ಷ ಆ ಹಾಡನ್ನು ಎತ್ತಿಕೊಂಡು ತನ್ನದಾಗಿಸಿಕೊಂಡಿತು. ಅಭಿಪ್ರಾಯ ಹೇಳುವುದಕ್ಕೆ ಅದೂ ಒಂದು ದಾರಿ.

ಆದರೆ ನಾನು ಅಪ್ಪನಿಗೆ ಹೇಳಬೇಕಾಗಿದ್ದದ್ದು ಇದು ಯಾವುದೂ ಅಲ್ಲ, ಗಾರ್ತ್ ಹಡ್ಸನ್‌ನ ಕಥೆ. ಶಾಸ್ತ್ರೀಯ ಸಂಗೀತ ಕಲಿತ ಹುಡುಗ. ರಾಕ್ ತಂಡ ಸೇರುತ್ತೇನೆಂದರೆ ಮನೆಯಲ್ಲಿ ಒಪ್ಪುತ್ತಾರೆಯೇ? ಅದಕ್ಕೆ ಅವನು ಒಂದು ಷರತ್ತು ಹಾಕಿದ. ತಂಡದವರು ತನಗೆ ವಾರಕ್ಕೆ ತಲಾ ಹತ್ತು ಡಾಲರ್ ಪಾಠದ ಶುಲ್ಕ ಕೊಡಬೇಕು. ಹಾಗಾದರೆ "ನಾನು ರಾಕ್ ತಂಡದಲ್ಲಿಲ್ಲ, ಸಂಗೀತದ ಮೇಷ್ಟ್ರಾಗಿದ್ದೇನೆ" ಎಂದು ತಂದೆತಾಯಿಗೆ ಹೇಳಬಹುದಲ್ಲ! ಅವರು ಕೊಟ್ಟರು, ಅವನು ಪಾಠವನ್ನೂ ಹೇಳಿಕೊಟ್ಟ. ಆ ಅಪ್ಪ ಅಮ್ಮ ನಂಬಿದರೋ, ನಂಬಿದ ಹಾಗೆ ನಟಿಸಿದರೋ, ಮುಂದೆ ಆ ಫೋಟೋದ ಸಾಲಿನಲ್ಲಂತೂ ಬಂದು ನಿಂತರು. ಇದನ್ನು ನಾನು ಓದುವ ಹೊತ್ತಿಗೆ ಅಪ್ಪ ಇರಲಿಲ್ಲ. 2025ರ ಜನವರಿಯಲ್ಲಿ ಹಡ್ಸನ್‌ನೂ ಹೋದ. ಐವರಲ್ಲಿ ಕೊನೆಯವನು.

ಅಂದು ಕ್ಯಾಸೆಟ್ಟನ್ನು ಊರಿನಲ್ಲೇ ಮರೆತು ಮೈಸೂರಿಗೆ ಬಂದಿದ್ದೆ. ಮುಂದಿನ ಮನಿಯಾರ್ಡರಿನ ಕೆಳಗೆ ಬರಹ ಮರಳಿ ಬಂತು: "ಕ್ಷೇಮ. ಆನೆ ಚಿತ್ರದ ಕ್ಯಾಸೆಟ್ಟು ಇಲ್ಲೇ ಇದೆ." ಸಂಕ್ರಾಂತಿಗೆ ಹೋಗಿ ಗೆಳೆಯನಿಗೆ ಹಿಂದಿರುಗಿಸಬೇಕೆಂದು ತೆಗೆದು ನೋಡಿದರೆ, 'ಬಿ' ಬದಿಯ ಮೇಲೆ ಅಪ್ಪ ಆಕಾಶವಾಣಿಯ ಹರಿಕಥೆಯೊಂದನ್ನು ಧ್ವನಿಮುದ್ರಿಸಿಕೊಂಡಿದ್ದರು. 'ಚೆಸ್ಟ್ ಫೀವರ್' ಇದ್ದ ಕಡೆ ಸುಧನ್ವನ ಕಾಳಗ ನಡೆದಿತ್ತು. ಗೆಳೆಯನಿಗೆ ಹೊಸ ಕ್ಯಾಸೆಟ್ ತಂದುಕೊಡಬೇಕಾಯಿತು.

'ಎ' ಬದಿಯನ್ನು ಅಪ್ಪ ಮುಟ್ಟಿರಲಿಲ್ಲ. ಆ ಬದಿಯ ಮೂಲೆಯಲ್ಲಿ ತಮ್ಮ ದುಂಡಕ್ಷರದಲ್ಲಿ, ಅಂಚೆ ಕಚೇರಿಯ ಅದೇ ಕೆಂಪು ಶಾಯಿಯಲ್ಲಿ "ಅಳಿಸಬಾರದು" ಎಂದು ಬರೆದಿಟ್ಟಿದ್ದರು.