ಕಟ್ಟದ ಮನೆಯವರು

ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ ನನ್ನ ಮೊದಲ ವಾರ ಪೂರ್ತಿ ಒಂದು ಹೆಸರನ್ನು ಹುಡುಕುವುದರಲ್ಲೇ ಕಳೆದುಹೋಯಿತು. 17ನೇ ಶತಮಾನದಲ್ಲಿ ಬಸರೂರಿನ ಬಂದರಿನಲ್ಲಿ ಅಕ್ಕಿ ಕೊಳ್ಳುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನೊಬ್ಬನ ಹೆಸರು ಅದು. ‘ವಾನ್’ ಎಂದು ಶುರುವಾಗುತ್ತಿತ್ತಲ್ಲ, ಸೂಚಿಯಲ್ಲಿ ‘ವಿ’ ಅಕ್ಷರದ ಕೆಳಗೆ ನೋಡುತ್ತಾ ಹೋದೆ. ಅವನು ಎಲ್ಲೂ ಇರಲಿಲ್ಲ. ಶುಕ್ರವಾರ ಸಂಜೆ ಲೈಡನ್ನಿನ ನನ್ನ ಬಾಡಿಗೆ ಕೋಣೆಗೆ ಮರಳಿ, ಮನೆಯ ಒಡತಿಯ ಹತ್ತಿರ ದುಃಖ ತೋಡಿಕೊಂಡೆ. ಎಪ್ಪತ್ತು ದಾಟಿದ ಆ ಅಜ್ಜಿ ನಗುತ್ತಾ ಬಾಗಿಲಿನ ಮೇಲಿದ್ದ ತಮ್ಮ ಹೆಸರಿನ ಫಲಕ ತೋರಿಸಿದರು. ‘ವಾನ್ ಡೈಕ್’ ಎಂದಿತ್ತು. “ನಾನು ‘ಡಿ’ಯಲ್ಲಿ ಕೂತಿರ್ತೀನಿ. ಇಲ್ಲಿ ‘ವಾನ್’ ಲೆಕ್ಕಕ್ಕಿಲ್ಲ. ನೀನು ಬೆಲ್ಜಿಯಮ್ಮಿಗೆ ಹೋದರೆ ಮಾತ್ರ ‘ವಿ’ಯಲ್ಲಿ ಹುಡುಕು” ಅಂದರು. ಸೋಮವಾರ ಹತ್ತು ನಿಮಿಷಕ್ಕೆ ನನ್ನ ಗುಮಾಸ್ತ ಸಿಕ್ಕಿದ.

‘ವಾನ್’ ಎಂದರೆ ‘ಇಂಥ ಕಡೆಯ’ ಎಂದರ್ಥ. ‘ಡೈಕ್’ ಎಂದರೆ ನೀರು ತಡೆಯಲು ಹಾಕಿದ ಒಡ್ಡು. ಆ ಒಡ್ಡಿನ ಬದಿಗಿದ್ದವರು ವಾನ್ ಡೈಕ್. ಫುಟ್‌ಬಾಲ್ ನೋಡುವವರಿಗೆ ಈ ಹೆಸರು ಗೊತ್ತು. ಕಂಪ್ಯೂಟರ್ ಓದಿದವರಿಗೆ ಇದರ ದಾಯಾದಿಯೊಂದು ಗೊತ್ತು: ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್ಮಿನ ಡೈಕ್‌ಸ್ಟ್ರಾ. ಅದು ಫ್ರೀಸ್‌ಲ್ಯಾಂಡಿನ ರೂಪ, ಅರ್ಥ ಅದೇ. 1599ರಲ್ಲಿ ಆಂಟ್‌ವರ್ಪಿನಲ್ಲಿ ಹುಟ್ಟಿದ ಚಿತ್ರಕಾರ ಆಂಟನಿ ವಾನ್ ಡೈಕ್ ಕೂಡ ಇದೇ ಒಡ್ಡಿನವನು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ನೆಲವೇ ಅಷ್ಟೊಂದಿರುವ ದೇಶದಲ್ಲಿ ಒಡ್ಡಿನ ಬದಿಗೆ ಮನೆ ಇಲ್ಲದವರು ಯಾರು? ಹಾಗಾಗಿ ಈ ಹೆಸರು ಒಬ್ಬ ಮೂಲಪುರುಷನಿಂದ ಹರಿದು ಬಂದದ್ದಲ್ಲ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಎಷ್ಟೋ ಮನೆಗಳಲ್ಲಿ, ಎಷ್ಟೋ ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಹುಟ್ಟಿದ್ದು.

ಇದನ್ನು ಕೇಳುತ್ತಾ ನನಗೆ ಒಳಗೊಳಗೇ ನಗು. ಅಘನಾಶಿನಿಯ ಅಳಿವೆಯ ಹತ್ತಿರ, ಕುಮಟಾ ತಾಲೂಕಿನ ನಮ್ಮೂರಿನಲ್ಲಿ, ನನ್ನನ್ನು ಯಾರೂ ಆಧಾರ್ ಕಾರ್ಡಿನ ಹೆಸರಿನಿಂದ ಗುರುತಿಸುವುದಿಲ್ಲ. ‘ಕಟ್ಟದ ಮನೆ ಹುಡುಗಿ’ ಅನ್ನುತ್ತಾರೆ. ಗಜನಿ ಗದ್ದೆಗಳಿಗೆ ಹೊಳೆಯ ಉಪ್ಪುನೀರು ನುಗ್ಗದಂತೆ ಹಾಕಿದ ಮಣ್ಣಿನ ಕಟ್ಟದ ಬುಡದಲ್ಲಿ ನಮ್ಮ ಮನೆ ಇದೆ. ಮಳೆಗಾಲದಲ್ಲಿ ಮಳೆ ನೀರು ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪಿಗೂ ಜಗ್ಗುವುದಿಲ್ಲ, ನೆರೆಯಲ್ಲಿ ಕೆಲ ದಿನ ಮುಳುಗಿದರೂ ಸಾಯುವುದಿಲ್ಲ. ಅಜ್ಜಿಗೆ ಇದನ್ನೆಲ್ಲ ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು, “ಹಾಗಾದರೆ ನೀನೂ ವಾನ್ ಡೈಕ್!” ಅಂದರು. ಆಮೇಲೆ ನನ್ನನ್ನು ಒಳಗೆ ಕರೆದು, ಗೋಡೆಯ ಮೇಲಿದ್ದ ವಂಶವೃಕ್ಷ ತೋರಿಸಿದರು.

ಅದರ ಬುಡದಲ್ಲಿ 1811 ಎಂದು ಬರೆದಿತ್ತು. ಆ ವರ್ಷ ಹಾಲೆಂಡ್ ನೆಪೋಲಿಯನ್ನನ ಫ್ರಾನ್ಸಿಗೆ ಸೇರಿಹೋಗಿತ್ತು. ಎಲ್ಲರಿಗೂ ಸ್ಥಿರವಾದ ಮನೆತನದ ಹೆಸರಿರಬೇಕು, ಇಲ್ಲದವರು ಬಂದು ಬರೆಸಬೇಕು ಎಂದು ಆಗಸ್ಟ್ 18ರಂದು ಆಜ್ಞೆ ಹೊರಟಿತು. ಪಟ್ಟಣಗಳವರಿಗೆ, ಉಳ್ಳವರಿಗೆ ಅದಕ್ಕೆ ಮೊದಲೇ ಹೆಸರಿತ್ತು. ಉತ್ತರದ ಹಳ್ಳಿಗಳ ಅನೇಕರಿಗೆ ಮಾತ್ರ ತಂದೆಯ ಹೆಸರೇ ಎರಡನೇ ಹೆಸರು. ಯಾನ್‌ನ ಮಗ ಪೀಟರ್ ಆದರೆ ಅವನು ‘ಪೀಟರ್ ಯಾನ್ಸ್’, ಅವನ ಮಗನಿಗೆ ಮತ್ತೆ ಬೇರೆ. ನಮ್ಮಲ್ಲಿ ಇನಿಷಿಯಲ್ ತಲೆಮಾರಿಗೊಮ್ಮೆ ಬದಲಾಗುವ ಹಾಗೆ. ಡಚ್ಚರು ಫ್ರೆಂಚರನ್ನು ಅಣಕಿಸಲು ಬೇಕೆಂದೇ ತಮಾಷೆಯ ಹೆಸರು ಬರೆಸಿದರು ಎಂಬ ಕಥೆ ಅಲ್ಲಿ ಇಂದಿಗೂ ಪ್ರಚಲಿತ. ಅದಕ್ಕೆ ಕೊಡುವ ಉದಾಹರಣೆ ‘ನಾಕ್ಟ್‌ಗೆಬೋರೆನ್’, ಅಂದರೆ ‘ಬೆತ್ತಲೆ ಹುಟ್ಟಿದವನು’. ಆದರೆ ಆ ಹೆಸರು ನೆಪೋಲಿಯನ್ನನಿಗಿಂತ ಹಳೆಯದು. ಜರ್ಮನ್ನಿನ ‘ನಾಖ್‌ಗೆಬೋರೆನ್’ ಬಾಯಿಂದ ಬಾಯಿಗೆ ಬದಲಾಗಿ ಹಾಗಾಗಿದೆ. ಅದರ ಅರ್ಥ ‘ಆಮೇಲೆ ಹುಟ್ಟಿದವನು’, ತಂದೆ ಸತ್ತ ಮೇಲೆ ಹುಟ್ಟಿದ ಮಗು. ನಗಿಸುವ ಹೆಸರಿನೊಳಗೆ ಎಂಥ ಸಂಕಟ ಕೂತಿದೆ ನೋಡಿ.

ವಂಶವೃಕ್ಷವನ್ನು ಬರೆದವರು ಅಜ್ಜಿಯ ತಮ್ಮ. ನಿವೃತ್ತರಾದ ಮೇಲೆ ಚರ್ಚುಗಳ, ಪುರಸಭೆಗಳ ದಾಖಲೆ ಹುಡುಕಿ ಹತ್ತು ವರ್ಷ ದುಡಿದಿದ್ದಾರೆ. ಕೊನೆಗೆ ಡಿಎನ್‌ಎ ಪರೀಕ್ಷೆಯೊಂದು ಆದರೆ ಎಲ್ಲಕ್ಕೂ ಮುದ್ರೆ ಬಿದ್ದ ಹಾಗೆ ಎಂದುಕೊಂಡು ತಮ್ಮ ಎಂಜಲನ್ನು ಕಳಿಸಿದರು. ಈ ಪರೀಕ್ಷೆಯ ತರ್ಕ ಸರಳ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ, ಹೆಚ್ಚುಕಮ್ಮಿ ಹಾಗೆಹಾಗೇ. ಮನೆತನದ ಹೆಸರೂ ಅಲ್ಲಿ ಬಹುಕಾಲ ತಂದೆಯಿಂದಲೇ ಬಂದದ್ದು. ಎರಡೂ ಒಂದೇ ದಾರಿಯಲ್ಲಿ ನಡೆದಿದ್ದರೆ, ಒಂದೇ ಮೂಲದ ಇಬ್ಬರು ವಾನ್ ಡೈಕ್‌ಗಳ ವೈ ಹೊಂದಬೇಕು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಇದನ್ನೇ ಪರೀಕ್ಷಿಸಿದ್ದರು. ‘ಸ್ಮಿತ್’ನಂಥ ಎಲ್ಲೆಡೆ ಇರುವ ಹೆಸರಿನವರಲ್ಲಿ ಹೊಂದಿಕೆ ಇರಲಿಲ್ಲ, ‘ಆಟನ್‌ಬರೋ’ದಂಥ ಅಪರೂಪದ ಹೆಸರಿನವರಲ್ಲಿ ಬಹುಪಾಲು ಜನರದ್ದು ಒಂದೇ ವೈ.

ತಮ್ಮನವರ ವೈ, ಅದೇ ವೃಕ್ಷದ ಇನ್ನೊಂದು ಕೊಂಬೆಯ ದೂರದ ದಾಯಾದಿಯ ಜೊತೆ ಹೊಂದಲಿಲ್ಲ. ಕೊಂಡಿ ಯಾರ ಕಡೆ ತಪ್ಪಿದೆ ಎಂದು ಇಬ್ಬರ ಫಲಿತಾಂಶದಿಂದ ಹೇಳಲಾಗದು. “ಅವನ ಕಡೆಯೇ ಇರಬೇಕು ಅಂತ ತಮ್ಮ ಆರು ತಿಂಗಳು ಸಮಾಧಾನದಿಂದ ಇದ್ದ” ಎಂದರು ಅಜ್ಜಿ. ಮೂರನೇ ಕೊಂಬೆಯವರೊಬ್ಬರು ಪರೀಕ್ಷೆ ಮಾಡಿಸಿದರು. ಅವರದ್ದು ಆ ದಾಯಾದಿಯ ಜೊತೆ ಹೊಂದಿತು. ಆಮೇಲೆ ಅಜ್ಜಿಯ ತಂದೆಯ ಚಿಕ್ಕಪ್ಪನ ಮೊಮ್ಮಗ ಮಾಡಿಸಿದ. ಅವನದೂ ಅವರ ಜೊತೆಗೇ ಹೊಂದಿತು. ಅಲ್ಲಿಗೆ ತಪ್ಪಿದ ಕೊಂಡಿ ಎಲ್ಲಿ ಎಂಬುದು ಹತ್ತಿರ ಹತ್ತಿರ ಬಂತು. ಅಜ್ಜಿಯ ತಾತ, ತಂದೆ, ಇಲ್ಲವೇ ಆ ತಮ್ಮನೇ. ಈ ಮೂವರಲ್ಲಿ ಒಬ್ಬರ ಹುಟ್ಟಿನಲ್ಲಿ ವಾನ್ ಡೈಕ್ ರಕ್ತದ ಕೊಂಡಿ ತಪ್ಪಿದೆ. ತಾತನಿಗೆ ತನ್ನ ತಮ್ಮಂದಿರ ಯಾರ ಹೋಲಿಕೆಯೂ ಇರಲಿಲ್ಲ ಎಂದು ಮನೆಯಲ್ಲಿ ಹಿಂದೆ ಹೇಳುತ್ತಿದ್ದರಂತೆ. ಅದನ್ನೆಲ್ಲ ಈಗ ನೆನಪಿಸಿಕೊಂಡರು.

ಇಂಥದ್ದು ಎಷ್ಟು ಮನೆಗಳಲ್ಲಿ ಆಗಿರಬಹುದು? ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ಮಾರ್ಟೆನ್ ಲಾರ್ಮುಸೋ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕಾಗದದ ಪ್ರಕಾರ ಒಂದೇ ಮೂಲಪುರುಷನಿಂದ ಬಂದ 513 ಜೋಡಿ ಗಂಡಸರನ್ನು ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸಿನಿಂದ ಆರಿಸಿ, ಸುಮಾರು 500 ವರ್ಷಗಳ ಲೆಕ್ಕ ತೆಗೆದರು. ದಾಖಲೆಯ ತಂದೆ ನಿಜವಾದ ತಂದೆಯಲ್ಲದ ಪ್ರಮಾಣ ತಲೆಮಾರಿಗೆ ಶೇ. 1.5ರ ಆಸುಪಾಸು. ರೈತರಲ್ಲಿ, ಅನುಕೂಲಸ್ಥರಲ್ಲಿ ಅದಕ್ಕಿಂತ ಕಡಿಮೆ. 19ನೇ ಶತಮಾನದ ಕಿಕ್ಕಿರಿದ ನಗರಗಳ ಬಡವರಲ್ಲಿ ಶೇ. 6ರ ಹತ್ತಿರ. ಶೇ. 1.5 ಸಣ್ಣ ಸಂಖ್ಯೆ. ಆದರೆ ಹತ್ತು ತಲೆಮಾರು ಲೆಕ್ಕ ಹಾಕಿದರೆ ನೂರರಲ್ಲಿ 14 ವಂಶಗಳಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. ಆ ಶೇ. 6ರ ಹಿಂದೆ ಏನಿರಬಹುದು ಎಂದೂ ಯೋಚಿಸಬೇಕು. ಎಲ್ಲವೂ ಕದ್ದ ಪ್ರೇಮವಲ್ಲ. ಬಡತನವಿದೆ, ಬಲಾತ್ಕಾರವಿದೆ. ವೈ ಕ್ರೋಮೋಸೋಮ್ ಅದನ್ನೆಲ್ಲ ಹೇಳುವುದಿಲ್ಲ. ‘ಹೌದು’ ಅಥವಾ ‘ಅಲ್ಲ’ ಅನ್ನುತ್ತದೆ, ಅಷ್ಟೆ.

ಅಜ್ಜಿಯ ತಾತ ಒಡ್ಡು ಕಟ್ಟುವ ಕೂಲಿ. 1932ರ ಮೇ 28ರಂದು ಮುಚ್ಚಿಕೊಂಡ, 32 ಕಿಲೋಮೀಟರ್ ಉದ್ದದ ಆಫ್‌ಸ್ಲೌಟ್‌ಡೈಕ್ ಕಟ್ಟುವಾಗ ಮಣ್ಣು ಹೊತ್ತವರಲ್ಲಿ ಒಬ್ಬ. “ಅವನು ವಾನ್ ಡೈಕ್ ಅಲ್ಲದಿದ್ದರೆ ಇನ್ನು ಯಾರು?” ಎಂದು ಅಜ್ಜಿ ಜೋರಾಗಿಯೇ ಹೇಳಿದರು. ಆದರೆ ಅವರ ತಮ್ಮ ಆ ಫಲಿತಾಂಶದ ಮೇಲೆ ಇಲ್ಲಿಗೆ ಬಂದಾಗಲೆಲ್ಲ ಗೋಡೆಗೆ ಬೆನ್ನು ಹಾಕಿ ಕೂರುತ್ತಾರಂತೆ.

ನನಗೆ ಆ ತಮ್ಮನ ಕಷ್ಟ ಅರ್ಥವಾಗುತ್ತಿತ್ತು. ಅಜ್ಜಿಗೆ ಹೇಳದ ಸಂಗತಿಯೊಂದು ನನ್ನಲ್ಲೂ ಇತ್ತು. ನನ್ನ ಅಜ್ಜ ಕಟ್ಟದ ಮನೆಯಲ್ಲಿ ಹುಟ್ಟಿದವರಲ್ಲ. ಮೂರೋ ನಾಲ್ಕೋ ವರ್ಷದವರಿದ್ದಾಗ ಮುತ್ತಜ್ಜ ಹೊಳೆಯ ಆಚೆಯಿಂದ ದೋಣಿಯಲ್ಲಿ ಕರೆತಂದು ಸಾಕಿದ್ದು. ಯಾರ ಮಗು, ಯಾಕೆ ಕೊಟ್ಟರು ಎಂದು ಮುತ್ತಜ್ಜ ಹೇಳಲಿಲ್ಲ. ಅಜ್ಜ ಬದುಕಿರುವಷ್ಟು ದಿನ ಯಾರಿಗೂ ಅದು ಬೇಕಾಗಿರಲಿಲ್ಲ. ಕಟ್ಟ ಒಡೆದ ರಾತ್ರಿ ಮೊದಲು ಓಡುತ್ತಿದ್ದವರು ಅವರೇ. ಗಜನಿಗೆ ಸಿಗಡಿ ಕೃಷಿಯವರು ಬಂದು ಬೆಲೆ ಹೆಚ್ಚಿದ ಮೇಲೆ ಪಾಲಿನ ಮಾತು ಎದ್ದಿತು. ಆಗ ದಾಯಾದಿಗಳೊಬ್ಬರು ಅಂಗಳದಲ್ಲಿ ನಿಂತು, “ಸಾಕಿದವನ ಮಕ್ಕಳಿಗೆ ಎಷ್ಟು, ಹೊಟ್ಟೆಯಲ್ಲಿ ಹುಟ್ಟಿದವರಿಗೆ ಎಷ್ಟು?” ಎಂದು ಕೇಳಿದರು. ಅಪ್ಪ ಉತ್ತರ ಕೊಡದೆ ಒಳಗೆ ಹೋದರು. ನನಗಾಗ ಹದಿನಾಲ್ಕು. ಅಪ್ಪ ಯಾಕೆ ಸುಮ್ಮನಾದರು ಎಂಬ ಸಿಟ್ಟು ಬಹಳ ವರ್ಷ ನನ್ನಲ್ಲಿತ್ತು.

ಲೈಡನ್ನಿನಿಂದ ಡೆಲ್ಫ್ಟ್ ದೂರವಿಲ್ಲ. ಒಂದು ಭಾನುವಾರ ಅಲ್ಲಿನ ಹಳೆಯ ಚರ್ಚಿಗೆ ಹೋದೆ. ಆಂಟನಿ ವಾನ್ ಲೇವೆನ್‌ಹುಕ್ ಅಲ್ಲಿ ಮಲಗಿದ್ದಾನೆ. ಅವನ ಹೆಸರಿನ ಅರ್ಥ ‘ಸಿಂಹದ ಮೂಲೆಯವನು’. ಊರಿನ ಸಿಂಹದ ಬಾಗಿಲಿನ ಪಕ್ಕದ ಮೂಲೆಯಲ್ಲಿ ಅವರ ಮನೆ ಇತ್ತು. ಬಟ್ಟೆ ವ್ಯಾಪಾರಿ, ತಾನೇ ಉಜ್ಜಿ ಮಾಡಿಕೊಂಡ ಮಸೂರಗಳಿಂದ 1677ರಲ್ಲಿ ವೀರ್ಯಾಣುವನ್ನು ಕಂಡು ವರದಿ ಮಾಡಿದವನು. ಗಂಡುಮೂಲ ಎಂದು ನಾವು ಇಷ್ಟು ಮಾತಾಡುವ ಸಂಗತಿಯನ್ನು ಕಣ್ಣಾರೆ ನೋಡಿದ ಅವನಿಗೆ ಉಳಿದದ್ದು ಒಬ್ಬಳೇ ಮಗಳು, ಮಾರಿಯಾ. ಉಳಿದ ಮಕ್ಕಳು ಎಳವೆಯಲ್ಲೇ ತೀರಿಕೊಂಡವು. ಮಾರಿಯಾ ಮದುವೆಯಾಗಲಿಲ್ಲ, ತೊಂಬತ್ತರವರೆಗೆ ಬದುಕಿದ ತಂದೆಯ ಜೊತೆಗಿದ್ದಳು. ಆ ಚರ್ಚಿನಲ್ಲಿ ಅವನ ಸ್ಮಾರಕವನ್ನು ಕಟ್ಟಿಸಿದ್ದು ಅವಳೇ. ವೈ ಕ್ರೋಮೋಸೋಮಿನ ಲೆಕ್ಕದಲ್ಲಿ ಅವಳು ಎಲ್ಲಿಯೂ ಬರುವುದಿಲ್ಲ. ನಾನೂ ಬರುವುದಿಲ್ಲ, ನನ್ನ ಮನೆ ಒಡತಿಯೂ ಬರುವುದಿಲ್ಲ. ಆ ಪರೀಕ್ಷೆಗೆ ನಮ್ಮ ಎಂಜಲು ಉಪಯೋಗಕ್ಕಿಲ್ಲ.

ಹಾಗಾಗಿ ಆ ರಾತ್ರಿ ಅಪ್ಪನಿಗೇ ಫೋನ್ ಮಾಡಿದೆ. ಅಜ್ಜನ ಮೂಲ ತಿಳಿಯುವ ದಾರಿಯೊಂದಿದೆ, ನೀವು ಒಂದು ಕೊಳವೆಗೆ ಉಗುಳಿ ಕೊಟ್ಟರೆ ಸಾಕು ಎಂದೆ. ಅದರ ಜೊತೆಗೇ ಹೇಳಬೇಕಾದ್ದನ್ನೂ ಹೇಳಿದೆ. ಇಂಥ ಕಂಪನಿಗಳ ಸಂಗ್ರಹದಲ್ಲಿ ಯುರೋಪ್, ಅಮೆರಿಕದವರೇ ಹೆಚ್ಚು. ಹೊಳೆಯ ಆಚೆಯವರು ಯಾರೂ ಪರೀಕ್ಷೆ ಮಾಡಿಸಿಕೊಂಡಿರದಿದ್ದರೆ ನಮಗೆ ಏನೂ ಸಿಗದು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಿಕ್ಕಿದ್ರೆ ಏನ್ ಮಾಡೂದು ತಂಗಿ? ಅವ್ರ ಮನೆಗೆ ಹೋಗಿ ನಾವು ಯಾರಂತ ಹೇಳೂದು?” ಎಂದರು. ಅಂಗಳದಲ್ಲಿ ಅವರು ಉತ್ತರ ಕೊಡದೆ ಒಳಗೆ ಹೋದದ್ದು ಹೆದರಿಕೆಯಿಂದಲ್ಲ, ಅವರ ಹತ್ತಿರವೂ ಅದೇ ಪ್ರಶ್ನೆ ಇತ್ತು ಎಂದು ನನಗೆ ಆಗ ಹೊಳೆಯಿತು. ನಾನು ಒತ್ತಾಯಿಸಲಿಲ್ಲ. ಈ ಮಾತು ಮುಗಿಯಿತು ಎಂದುಕೊಂಡೆ.

ಊರಿಗೆ ಹೊರಡುವ ದಿನ ಅಜ್ಜಿ ಬಾಗಿಲವರೆಗೆ ಬಂದರು. ವಂಶವೃಕ್ಷ ಗೋಡೆಯ ಮೇಲೆ ಹಾಗೇ ಇತ್ತು. ತಾತನ ಹೆಸರಿನ ಪಕ್ಕ ಯಾರೂ ಏನೂ ತಿದ್ದಿರಲಿಲ್ಲ.

ಮನೆ ತಲುಪಿ ವಾರವಾಗಿತ್ತು. ಒಂದು ಬೆಳಿಗ್ಗೆ ದೋಸೆಗೆ ಕೂತ ಅಪ್ಪ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳದೆ ನನ್ನನ್ನು ಕೇಳಿದರು, “ಆ ಟೆಸ್ಟಿಗೆ ಖಾಲಿ ಹೊಟ್ಟೆಲೇ ಇರ್ಬೇಕಾ?”

“ಅರ್ಧ ಗಂಟೆ ಏನೂ ತಿನ್ನದಿದ್ರೆ ಸಾಕು ಅಪ್ಪ” ಅಂದೆ.

“ಹಂಗಾದ್ರೆ ಇವತ್ತು ಬೇಡ” ಎಂದು ದೋಸೆ ಮುರಿದರು.