ಹಗುರ ಕೋವಿಗೆ ತಕ್ಕ ತೋಟೆ

ಅಮೆರಿಕದ ರಾಕಿ ಪರ್ವತಗಳ ಕಡಿದಾದ ಇಳಿಜಾರುಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಜಾಡು ಹಿಡಿದು ಹಗಲೆಲ್ಲ ಅಲೆಯುವ ಬೇಟೆಗಾರನು, ಹೆಗಲ ಭಾರವನ್ನು ತಗ್ಗಿಸಲಿಚ್ಛಿಸಿ, ಐದಾರು ಪೌಂಡು ತೂಗುವ ರೈಫಲ್ಲೊಂದನ್ನು ತನಗೆಂದೇ ಮಾಡಿಸಲು ಉದ್ಯುಕ್ತನಾದಾಗ, ನಳಿಕೆ, ಹಿಡಿಗಳ ವಿಚಾರಕ್ಕಿಂತ ಮೊದಲು ತೋಟೆಯ ವಿಚಾರವನ್ನು ನಿರ್ಣಯಿಸತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ. ಹತ್ತು ಪೌಂಡಿನ ಕೋವಿಯಲ್ಲಿ ಹಾರಿಸಿದ ತೋಟೆಯನ್ನೇ ಐದು ಪೌಂಡಿನದರಲ್ಲಿ ಹಾರಿಸಿದರೆ ಒದೆತದ ಶಕ್ತಿ ಸರಿಸುಮಾರು ಇಮ್ಮಡಿಯಾಗುತ್ತದೆ. ಇದು ಭೌತಶಾಸ್ತ್ರದ ನಿಯಮ, ಭುಜಬಲದಿಂದ ಗೆಲ್ಲತಕ್ಕ ವಿಷಯವಲ್ಲ. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಂ ತೋಟೆ ಎಷ್ಟೇ ಪ್ರಬಲವಾಗಿರಲಿ, ಇಂತಹ ಹಗುರ ಕೋವಿಯಲ್ಲಿ ಅದು ಟ್ರಿಗರ್ ಒತ್ತುವ ಮುನ್ನವೇ ಕಣ್ಣು ಮುಚ್ಚಿ ಭುಜ ಬಿಗಿಯುವ ದುರಭ್ಯಾಸವನ್ನು ಕಲಿಸುತ್ತದೆ; ಗುಂಡು ಶ್ವಾಸಕೋಶವನ್ನು ಬಿಟ್ಟು ಹೊಟ್ಟೆಗೆ ತಗಲಿ, ಮೃಗವು ಪೊದೆಗಳ ನಡುವೆ ಗಂಟೆಗಟ್ಟಲೆ ನರಳಿ ಸಾಯುವುದಕ್ಕಿಂತ ಹೇಯವಾದುದು ಬೇಟೆಯಲ್ಲಿ ಬೇರೊಂದಿಲ್ಲ.

ಆದಕಾರಣ ನಾನು ಆರಿಸುವುದು 1980ರಲ್ಲಿ ರೆಮಿಂಗ್ಟನ್ ಸಂಸ್ಥೆ ಹೊರತಂದ 7 ಎಂ.ಎಂ.-08 ತೋಟೆಯನ್ನು. .308 ವಿಂಚೆಸ್ಟರಿನ ಹಿತ್ತಾಳೆಯ ಕೋಶದ ಕತ್ತನ್ನು ಕಿರಿದಾಗಿಸಿ ನಿರ್ಮಿಸಿದ ಇದಕ್ಕೆ ಗಿಡ್ಡ ಬೋಲ್ಟು ಸಾಕಾದುದರಿಂದ ಉಕ್ಕಿನ ತೂಕವೂ ಉಳಿಯುತ್ತದೆ. 140 ಗ್ರೇನಿನ ಗುಂಡನ್ನು ಸೆಕೆಂಡಿಗೆ ಸುಮಾರು 2,800 ಅಡಿಗಳ ವೇಗದಲ್ಲಿ ಕಳುಹಿಸುವ ಇದರ ಒದೆತವು ಮ್ಯಾಗ್ನಮ್ಮಿನದಕ್ಕಿಂತ ಬಹಳ ಸೌಮ್ಯ. 2007ರ 6.5 ಕ್ರೀಡ್‌ಮೂರ್ ತೋಟೆಯ ಒದೆತ ಇನ್ನೂ ಮೃದುವಾದುದು ನಿಜ. ಸಣ್ಣ ಜಿಂಕೆಗಳಿಗೆ ಆ ತೋಟೆಯೇ ಯಥೇಷ್ಟ. ಎಲ್ಕಿಗಾದರೋ, ತುಸು ದಪ್ಪನಾದ ಗುಂಡನ್ನೇ ನಾನು ಬಯಸುತ್ತೇನೆ.